ಹರಿಗೋಲಿನ ಅಡಿಯ ಕತ್ತಲು

"ಅವ್ವಾ, ನನಗೆ ನೋವಿಲ್ಲ, ಗಂಟಿಲ್ಲ, ಹಸಿವು ನಿದ್ರೆ ಸರಿಯಾಗಿವೆ. ಹೀಗಿರುವಾಗಲೂ ತಪಾಸಣೆಗೆ ಹೋಗಬೇಕೇ?"

ಕೇಳಿದವಳು ಆಶ್ರಮದ ಅಡುಗೆಯ ಹೊಣೆ ಹೊತ್ತ ಶಿಷ್ಯೆ ಬಸಲಿಂಗಮ್ಮ. ಅವಳಿಗೆ ಐವತ್ತು ದಾಟಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಅಂದು ಸ್ತನ ಕ್ಯಾನ್ಸರ್ ತಪಾಸಣೆಯಿತ್ತು. ಆ ವಯಸ್ಸಿನ ಹೆಂಗಸರನ್ನೆಲ್ಲ ಕರೆದಿದ್ದರು. ಆಶ್ರಮದ ಉಳಿದವರು ಬಾಗಿಲಲ್ಲಿ ನಿಂತ ವಾಹನವನ್ನು ಏರಿ ಕುಳಿತಾಗಿತ್ತು. ಬಸಲಿಂಗಮ್ಮ ಒಲೆಯ ಮುಂದಿನಿಂದ ಎದ್ದಿರಲಿಲ್ಲ. ಗುರುಮಾತೆಯೇ ಅವಳನ್ನು ಹುಡುಕಿಕೊಂಡು ಅಡುಗೆಮನೆಗೆ ಬಂದಿದ್ದರು.

"ಹೋಗದಿರಲು ಕಾರಣ ಹೇಳು. ಕೆಲಸವಿದೆ ಎನ್ನಬೇಡ. ಒಂದು ಹೊತ್ತಿನ ಅನ್ನವನ್ನು ಬೇರೆಯವರೂ ಬೇಯಿಸಬಲ್ಲರು."

ಬಸಲಿಂಗಮ್ಮ ಸೌಟನ್ನು ಕೆಳಗಿಟ್ಟಳು. "ಆಸ್ಪತ್ರೆಯ ಮೆಟ್ಟಿಲು ಹತ್ತುವವರೆಗೆ ನಮ್ಮಕ್ಕ ಗಟ್ಟಿಯಾಗಿಯೇ ಇದ್ದಳು. ಗಂಟು ಇದ್ದದ್ದು ನಿಜ. ಬಹಳ ಕಾಲ ಸೆರಗಿನ ಮರೆಯಲ್ಲೇ ಇಟ್ಟಿದ್ದಳು, ಆದರೆ ಅದು ಅವಳ ತಂಟೆಗೆ ಬಂದಿರಲಿಲ್ಲ. ಡಾಕ್ಟರು ನೋಡಿದರು, ಕ್ಯಾನ್ಸರ್ ಇದೆ ಎಂದರು. ಮುಂದಿನ ಯುಗಾದಿಗೆ ಅವಳಿಲ್ಲ. ಕೆದಕದೆ ಬಿಟ್ಟಿದ್ದರೆ ಇರುತ್ತಿದ್ದಳೇನೋ."

ಹೊರಗೆ ವಾಹನದವನು ಹಾರನ್ ಒತ್ತಿದ. "ಕಾಯಲಿ" ಎಂದು ಗುರುಮಾತೆ ಮಣೆ ಎಳೆದು ಕುಳಿತರು. ಕತೆ ಹೇಳಿದರು.

ಒಬ್ಬ ಅಂಬಿಗನಿದ್ದ. ಬಿದಿರಿನ ಹೆಣಿಗೆಗೆ ಚರ್ಮ ಬಿಗಿದ ಹರಿಗೋಲು ಅವನದು. ಆ ದಡದ ಅಂಬಿಗರಲ್ಲಿ ಒಂದು ಕಟ್ಟಳೆಯಿತ್ತು. ಹೊಳೆ ತುಂಬುವ ಮುನ್ನ, ಬಿಸಿಲು ನೆತ್ತಿಯ ಮೇಲಿರುವಾಗ, ಹರಿಗೋಲನ್ನು ಮರಳಿನ ಮೇಲೆ ಮಗುಚಬೇಕು. ಅದರಡಿಗೆ ತೂರಿ, ಅಂಚಿನ ಸಂದುಗಳಿಗೆ ಮರಳು ಒತ್ತಿ, ಕತ್ತಲಲ್ಲಿ ಅಂಗಾತ ಮಲಗಿ ನೋಡಬೇಕು. ಬೆಳಕು ಎಲ್ಲಿ ಒಳಗೆ ಬರುತ್ತದೋ ಅಲ್ಲಿ ನೀರೂ ಬರುತ್ತದೆ.

ಹಿಂದಿನ ವರ್ಷ ನೆರೆಯ ಅಂಬಿಗನೊಬ್ಬ ಹಾಗೆ ನೋಡಿದ್ದ. ಹೊಲಿಗೆಯುದ್ದಕ್ಕೂ ಚರ್ಮ ಕೊಳೆತಿತ್ತು. ಹರಿಗೋಲು ಒಲೆಗೆ ಹೋಯಿತು. ಅದಕ್ಕೂ ಮುಂಚೆ ಅವನು ಹಲವು ವರ್ಷ ನೋಡದೆ ಬಿಟ್ಟಿದ್ದ. ನಮ್ಮ ಅಂಬಿಗನಿಗೆ ಅದು ನೆನಪಿರಲಿಲ್ಲ. ಒಲೆ ಮಾತ್ರ ನೆನಪಿತ್ತು. ಆದ್ದರಿಂದ ಅವನು ಈ ಬಾರಿ ಹರಿಗೋಲನ್ನು ಮಗುಚಲಿಲ್ಲ. ಅಂಚಿಗೆ ಅರಿಶಿನ ಬಳಿದ, ಹೂವು ಮುಡಿಸಿದ, ಕಾಯಿ ಒಡೆದ.

ಹೆಂಡತಿ ಬಂದು ನೋಡಿದಳು. "ಮದುಮಗಳ ಸಿಂಗಾರ ಚೆನ್ನಾಗಿದೆ. ಅಡಿ ನೋಡಿದಿರಾ?"

"ಒಂದು ಹನಿ ನೀರು ಒಳಗೆ ಬಂದಿಲ್ಲ. ಯಾಕೆ ನೋಡಬೇಕು?"

"ಹೊಳೆ ಇನ್ನೂ ಮೊಣಕಾಲುದ್ದ ಇದೆ, ಅದಕ್ಕೇ ಬಂದಿಲ್ಲ."

"ನೋಡಿ, ತೂತು ಸಿಕ್ಕರೆ?"

"ಸಿಕ್ಕರೆ ಹೊಲಿಯಿರಿ. ಸಿಗದಿದ್ದರೆ ಊಟಕ್ಕೆ ಬನ್ನಿ. ಹೆದರಿಕೆಗೆ ಅರಿಶಿನ ಬಳಿದರೆ ಅದೇನು ತೇಲುತ್ತದೆಯೇ?"

ಅಂಬಿಗ ಗೊಣಗುತ್ತ ಹರಿಗೋಲನ್ನು ಮಗುಚಿ ಅಡಿಗೆ ತೂರಿದ. ಮೊದಲು ಏನೂ ಕಾಣಲಿಲ್ಲ. ಗೆದ್ದೆನೆಂದು ಹೊರಬರಲು ಮೊಣಕೈ ಊರಿದ. ಹೆಂಡತಿ ಹೊರಗಿನಿಂದ ಚರ್ಮದ ಮೇಲೆ ತಟ್ಟಿದಳು. "ಅವಸರ ಬೇಡ. ಕಣ್ಣು ಕತ್ತಲೆಗೆ ಹೊಂದಲಿ."

ಅವನು ಮತ್ತೆ ಮಲಗಿದ. ಎದೆಯ ನೇರಕ್ಕೆ ಮಸುಕು ಬೆಳಕೊಂದು ಕಂಡಿತು. ಕೂಗಿಕೊಂಡ. ಹೆಂಡತಿ ಆ ಜಾಗದ ಮೇಲೆ ನೀರು ಸುರಿದಳು. ಹನಿ ಇಳಿಯಲಿಲ್ಲ. ಅಲ್ಲಿ ಚರ್ಮ ತೆಳುವಾಗಿತ್ತು, ಅಷ್ಟೇ. ಅವನು ಪಕ್ಕಕ್ಕೆ ತಿರುಗಿದ. ಹೊಲಿಗೆಯ ಬದಿಯಲ್ಲಿ ರಾಗಿಕಾಳಿನಷ್ಟು ಬೆಳಕು. ಹೆಂಡತಿ ಅಲ್ಲಿಗೂ ನೀರು ಸುರಿದಳು. ಒಂದು ಹನಿ ನೇರವಾಗಿ ಅವನ ಹಣೆಗೆ ಬಿತ್ತು.

ಅಂಬಿಗ ಹೊರಗೆ ಬಂದ. ಸೂಜಿಗೆ ನಾರು ಏರಿಸಿದ. ತೇಪೆ ಹೊಲಿದ, ರಾಳ ಕಾಯಿಸಿ ತೆಳುವಾದ ಜಾಗಕ್ಕೂ ಸೇರಿಸಿ ದಪ್ಪಗೆ ಬಳಿದ, ಬಿಸಿಲಿಗೆ ಒಣಗಲು ಬಿಟ್ಟ. ಒಣಗುವವರೆಗೆ ಕೆಲಸ ನಿಂತಿತು. ದಡದವರು ನಕ್ಕರು: "ರಾಗಿಕಾಳಿಗೆ ಇಷ್ಟು ದೊಡ್ಡ ತೇಪೆಯೇನೋ?" ಅವನು ತೇಪೆಯ ಅಂಚಿಗೆ ಇನ್ನೊಂದು ಸುತ್ತು ರಾಳ ಬಳಿದ.

ಉತ್ತರವನ್ನು ಹೊಳೆ ಕೊಟ್ಟಿತು. ಆ ಮಳೆಗಾಲ ಅದು ಎರಡು ದಡವನ್ನೂ ನುಂಗಿಕೊಂಡು ಬಂತು. ನಡುಗಡ್ಡೆಯ ಜನ ಮರ ಹತ್ತಿ ಕುಳಿತರು. ಅಂಬಿಗ ಹುಟ್ಟು ಹಿಡಿದು ಇಳಿದ. ಹೋದ, ತುಂಬಿಕೊಂಡು ಬಂದ. ಮತ್ತೆ ಹೋದ, ಮತ್ತೆ ತುಂಬಿಕೊಂಡು ಬಂದ. ಸುಳಿ ಹರಿಗೋಲನ್ನು ಬುಗುರಿಯಂತೆ ತಿರುಗಿಸಿತು. ಹೊಲಿಗೆ ಬಿಡಲಿಲ್ಲ. ಕೊನೆಗೆ ಉಳಿದವಳು ಒಬ್ಬ ಮುದುಕಿ. "ನನ್ನ ಆಡು ಬರದಿದ್ದರೆ ನಾನೂ ಒಲ್ಲೆ" ಎಂದಳು. ಆಡೂ ಏರಿತು.

ಒಂದು ಜೀವವೂ ಹೊಳೆಯ ಪಾಲಾಗಲಿಲ್ಲ. ದಡದಲ್ಲಿ ತಮಟೆ ಬಡಿದರು. ನಕ್ಕವರೇ ಅವನನ್ನು ಹೆಗಲ ಮೇಲೆ ಕೂರಿಸಲು ಬಂದರು. ಅವನು ಒಪ್ಪದೆ, ಹರಿಗೋಲನ್ನು ಕೊಡೆಯಂತೆ ತಲೆಯ ಮೇಲೆ ಹೊತ್ತು ಮನೆಯ ಕಡೆಗೆ ನಡೆದ. ಮೋಡ ಸರಿದು ಬಿಸಿಲು ಸುಡುತ್ತಿತ್ತು. ಅವನು ಕತ್ತೆತ್ತಿ ನೋಡಿದ. ತಲೆಯ ಮೇಲೆ ಗಟ್ಟಿ ಕತ್ತಲು. ಬೆಳಕಿನ ಒಂದು ಚುಕ್ಕೆಯೂ ಇಲ್ಲ. ಆ ಕತ್ತಲಿನಡಿ ಅವನು ಅರಸನಂತೆ ನಡೆದ.

ಗುರುಮಾತೆ ಕತೆ ಮುಗಿಸಿದರು. ಬಸಲಿಂಗಮ್ಮ ಆಗಲೇ ಕೊಳ್ಳಿಗಳನ್ನು ಹೊರಗೆಳೆದು ಒಲೆ ಆರಿಸಿದ್ದಳು. ಕೈ ತೊಳೆದುಕೊಂಡಿದ್ದಳು. ಆದರೂ ಹೊಸ್ತಿಲ ಬಳಿ ನಿಂತು ಹಿಂತಿರುಗಿದಳು.

"ನಮ್ಮಕ್ಕನೂ ನೋಡಿಸಿದಳಲ್ಲಾ, ಅವ್ವಾ?"

"ನಿಮ್ಮಕ್ಕ ಹರಿಗೋಲು ಮಗುಚಿದ್ದು ನಡುಹೊಳೆಯಲ್ಲಿ, ನೀನಿನ್ನೂ ದಡದಲ್ಲಿದ್ದೀಯೆ."