ಸದ್ಯಕ್ಕೆ ದಂಡೆಹಕ್ಕಿ

"ಗುರುಗಳೇ, ಈ ಮೂಳೆ ಯಾವ ಹಕ್ಕಿಯದೆಂದು ಗೊತ್ತಾಗುತ್ತಿಲ್ಲ. ಪಟ್ಟಿ ಇವತ್ತೇ ಅಚ್ಚಿಗೆ ಹೋಗಬೇಕು. ಚೀಟಿಯಲ್ಲಿ ಸದ್ಯಕ್ಕೆ ದಂಡೆಹಕ್ಕಿ ಎಂದು ಬರೆಯಲೇ?" ಎಂದು ಶಿಷ್ಯ ವಾಗೀಶ ಕೇಳಿದ. ಅವನ ಅಂಗೈಯಲ್ಲಿ ಕಲ್ಲಾಗಿಹೋದ ರೆಕ್ಕೆಮೂಳೆಯ ಒಂದು ತುಂಡಿತ್ತು.

ಗುರುಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಯ್ಯೋ ಶಿವನೇ! ಈ ವಾರದಲ್ಲಿ ಇದು ನಾಲ್ಕನೆಯ ಸಲ. ಏನು ನೋಡಿ ದಂಡೆಹಕ್ಕಿ?"

"ಸಿಕ್ಕಿದ್ದು ಹಳೆಯ ಕಡಲದಂಡೆಯ ಕಲ್ಲಿನಲ್ಲಿ, ಗುರುಗಳೇ."

"ನಿನ್ನ ಚಪ್ಪಲಿ ಗುಡಿಯ ಬಾಗಿಲಲ್ಲಿ ಸಿಕ್ಕಿದರೆ ಅದನ್ನು ಪೂಜಾರಿ ಎನ್ನುತ್ತೀಯೇನಯ್ಯ? ಹದ್ದು ದಂಡೆಯ ಮೇಲೆ ಸಾಯುವುದಿಲ್ಲವೇ? ನಿನಗೆ ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಕೂತುಕೋ. ಕತೆಯನ್ನಾದರೂ ಕೇಳು.

"ಒಬ್ಬ ವಿದ್ವಾಂಸನಿದ್ದ. ಕಲ್ಲಾದ ಮೂಳೆ ನೋಡಿ ಹಕ್ಕಿಯ ಕುಲ ಹೇಳುವುದು ಅವನ ಕೆಲಸ. ಇಡೀ ಮೂಳೆ ಸಿಕ್ಕರೆ ಸರಿಯಾಗಿಯೇ ಹೇಳುತ್ತಿದ್ದ. ಆದರೆ ಇಡೀ ಮೂಳೆ ಯಾರಿಗೆ ಸಿಗುತ್ತದೆ? ಸಿಗುವುದೆಲ್ಲ ಚೂರು. ಚೂರು ನೋಡಿ ‘ಗೊತ್ತಿಲ್ಲ’ ಎಂದು ಬರೆಯಲು ಅವನಿಗೆ ಕೈ ಬಾರದು. ಅಷ್ಟೊಂದು ಓದಿದ ಮಹಾಶಯನಲ್ಲವೇ! ದಂಡೆಹಕ್ಕಿಯ ಮೂಳೆಯಲ್ಲಿ ಎದ್ದು ಕಾಣುವ ಗುರುತು ಕಡಿಮೆ. ಗುರುತು ಸವೆದ ಯಾವ ಚೂರಾದರೂ ಹೆಚ್ಚುಕಡಿಮೆ ಅದರಂತೆಯೇ ಕಾಣುತ್ತದೆ. ಹಾಗಾಗಿ ತಿಳಿಯದ ಚೂರಿಗೆಲ್ಲ ‘ಸದ್ಯಕ್ಕೆ ದಂಡೆಹಕ್ಕಿ’ ಎಂದು ಚೀಟಿ ಅಂಟಿಸಿದ. ಆಮೇಲೆ ನೋಡೋಣ ಎಂದುಕೊಂಡ. ಆ ಆಮೇಲೆ ಬರಲೇ ಇಲ್ಲ.

"ಪಟ್ಟಿ ಅಚ್ಚಾಯಿತು. ಸಾಲಿನಲ್ಲಿ ಜಾಗ ಸಾಲಲಿಲ್ಲವೆಂದು ‘ಸದ್ಯಕ್ಕೆ’ ಎಂಬುದನ್ನು ಬಿಟ್ಟರು. ದಂಡೆಹಕ್ಕಿ ಮಾತ್ರ ಉಳಿಯಿತು. ಓದಿದವರು ತಲೆದೂಗಿದರು. ಓಹೋ, ಆ ಕಾಲದಲ್ಲಿ ಅಲ್ಲಿ ಇದ್ದದ್ದೆಲ್ಲ ದಂಡೆಹಕ್ಕಿಯೇ! ಅದನ್ನೇ ನಂಬಿ ಇನ್ನೂ ಮೂರು ಪುಸ್ತಕ ಬಂದವು.

"ಆ ಪುಸ್ತಕಗಳನ್ನು ಓದಿದ ಒಬ್ಬ ಹೆಣ್ಣುಮಗಳು ದಂಡೆಹಕ್ಕಿಗಳ ಮೂಲವನ್ನು ಹುಡುಕುತ್ತೇನೆಂದು ಆ ಚೂರುಗಳು ಸಿಕ್ಕಿದ್ದ ಕಡಲತಡಿಯ ಬಂಡೆಗಳಿಗೆ ಹೋದಳು. ಹನ್ನೊಂದು ವರ್ಷ ಅಲ್ಲೇ ಕಲ್ಲು ಒಡೆದಳು. ಬಿಳಿಗಲ್ಲಿನ ಮೇಲಿನ ಬಿಸಿಲನ್ನು ದಿಟ್ಟಿಸಿ ದಿಟ್ಟಿಸಿ ಒಂದು ಕಣ್ಣು ಮಂಜಾಯಿತು. ದಂಡೆಹಕ್ಕಿ ಒಂದೂ ಸಿಗಲಿಲ್ಲ. ಎರಡನೆಯ ವರ್ಷದಲ್ಲೇ ಒಂದು ಇಡೀ ಹಕ್ಕಿ ಸಿಕ್ಕಿತ್ತು, ಕೊಕ್ಕಿನಿಂದ ಕಾಲುಗುರಿನವರೆಗೆ. ಆದರೆ ಕೊಕ್ಕು ಚಪ್ಪಟೆ, ಬಾತುಕೋಳಿಯ ಕೊಕ್ಕಿನಂತೆ. ಇದು ನಾನು ಹುಡುಕುವುದಲ್ಲ ಎಂದು ಅವಳು ಅದನ್ನು ಬಂಡೆಯಲ್ಲೇ ಬಿಟ್ಟು ಮುಂದೆ ಹೋದಳು. ಆ ಮಳೆಗಾಲದಲ್ಲಿ ಕಡಲು ಬಂಡೆಯನ್ನೇ ಕೆಡವಿ ನುಂಗಿತು.

"ಹನ್ನೊಂದನೆಯ ವರ್ಷ ಅವಳು ಸೋತು ವಿದ್ವಾಂಸನ ಮನೆಗೆ ಬಂದಳು. ಪುಸ್ತಕಗಳಿಗೆಲ್ಲ ಆಧಾರವಾದ ಆ ಚೂರುಗಳಲ್ಲಿ ಒಂದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕೆಂದಳು. ಅವನು ಕೊಟ್ಟ. ಹಿಡಿದದ್ದೇ ತಡ, ಅವಳಿಗೆ ಗುರುತು ಸಿಕ್ಕಿತು. ಕಡಲು ನುಂಗಿದ ಆ ಹಕ್ಕಿಯ ರೆಕ್ಕೆಯಲ್ಲಿ ಇದೇ ಬಗೆಯ ಮೂಳೆಯನ್ನು ಅವಳು ನೋಡಿದ್ದಳು.

"‘ಸ್ವಾಮೀ, ಇದರಲ್ಲಿ ಏನು ಕಂಡು ದಂಡೆಹಕ್ಕಿ ಎಂದು ಬರೆದಿರಿ?’ ಎಂದು ಕೇಳಿದಳು.

"‘ಏನೂ ಕಾಣಲಿಲ್ಲ ತಾಯಿ, ಅದಕ್ಕೇ ಹಾಗೆ ಬರೆದೆ’ ಎಂದ ಆ ಪುಣ್ಯಾತ್ಮ."

ಗುರುಗಳು ಕತೆ ನಿಲ್ಲಿಸಿದರು. ವಾಗೀಶ ಕೈಯಲ್ಲಿದ್ದ ತುಂಡನ್ನು ಹೊರಳಿಸಿ ನೋಡಿದ.

"ಆದರೂ ಪಾಪ, ಗುರುಗಳೇ. ಅವನು ಸುಳ್ಳೇನೂ ಬರೆದಿರಲಿಲ್ಲ. ಸದ್ಯಕ್ಕೆ ಎಂದೇ ಬರೆದಿದ್ದ."

ಗುರುಗಳು ಒಂದು ಖಾಲಿ ಚೀಟಿಯನ್ನು ಅವನ ಮುಂದೆ ತಳ್ಳಿದರು.

"ಹಾಗಾದರೆ ಆ ಹೆಣ್ಣುಮಗಳ ಹನ್ನೊಂದು ವರ್ಷಕ್ಕೆ ಸದ್ಯಕ್ಕೆ ಏನೆಂದು ಹೆಸರಿಡೋಣ, ನೀನೇ ಬರೆಯಪ್ಪ."