ಗೋಡೆಗೆ ಅಂಟಿಸಿದ ಪತ್ರಿಕೆ

ವೆಂಕೋಬರಾಯರ ಫೋಟೋ ಸ್ಟುಡಿಯೋದಲ್ಲಿ ಎಪ್ಪತ್ತೈದು ಎಂಎಂ ಲೆನ್ಸಿಗೂ ತೊಂಬತ್ತು ಎಂಎಂ ಲೆನ್ಸಿಗೂ ಜಗಳ. ಮುಖದ ಫೋಟೋಗೆ ಯಾರು ಮೇಲು? ರಾಯರು ದಿನವೂ ಗೋಡೆಗೆ ಪತ್ರಿಕೆ ಅಂಟಿಸಿ, ಎರಡರಲ್ಲೂ ಅದರ ಅಕ್ಷರಗಳ ಫೋಟೋ ತೆಗೆದು ಹೋಲಿಸುತ್ತಿದ್ದರು. ಹೂ ಮುಡಿದು ಫೋಟೋಗೆಂದು ಬರುತ್ತಿದ್ದ ಮುದುಕಿ ತುಂಗಮ್ಮ ಟೀಚರಿಗೆ ತಿಂಗಳಿಡೀ ಒಂದೇ ಉತ್ತರ: "ಲೆನ್ಸು ಇನ್ನೂ ತೀರ್ಮಾನವಾಗಿಲ್ಲ, ನಾಳೆ ಬನ್ನಿ."

ಒಂದು ಬೆಳಿಗ್ಗೆ ತೊಂಬತ್ತು ಬೀಗಿತು: "ಇವತ್ತಿನ ಪತ್ರಿಕೆಯ ಸಣ್ಣಕ್ಷರವೂ ನನಗೆ ಸ್ಪಷ್ಟ!"

"ನನಗೂ!" ಎಂದಿತು ಎಪ್ಪತ್ತೈದು.

ಗಿರಾಕಿಗಳು ಕೂರುವ ಸ್ಟೂಲು ಸಿಡಿಯಿತು: "ಒಂದು ಮುಖವನ್ನೂ ನೋಡದೆ ಮುಖಕ್ಕೆ ಯಾರು ಮೇಲಂತೆ! ನಾಚಿಕೆಯಾಗಬೇಕು ನಿಮಗೆ. ಅಷ್ಟು ಸ್ಪಷ್ಟವಿದ್ದರೆ ಆ ನಿಧನ ವಾರ್ತೆ ಓದಿ!"

ಎರಡೂ ಓದಿದವು. ತುಂಗಮ್ಮನವರ ಹೆಸರಿತ್ತು. ಫೋಟೋ ಇರಬೇಕಾದ ಜಾಗದಲ್ಲಿ ಒಂದು ದೀಪದ ಚಿತ್ರವಿತ್ತು.