ಬೆಂಚಿನ ಮೇಲೆ ನಿಂತ ಪ್ರಶ್ನೆ

“ಗುರುಗಳೇ, ಏನು ಎತ್ತ ಎಂದು ಕೇಳದೆ ಕಂಡ ಕಾಗದಕ್ಕೆಲ್ಲ ಸಹಿ ಹಾಕಿ ಕೆಡುವ ಜನರಿಗಾಗಿ ನಾವೇಕೆ ಬೀದಿಗಿಳಿಯಬೇಕು? ದಡ್ಡತನಕ್ಕೆ ಮದ್ದಿದೆಯೇ?” ಎಂದು ಶಿಷ್ಯ ಕೇಳಿದ.

ಆಶ್ರಮದಲ್ಲಿ ಬೆಳಗಿನ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಗುರು ಅವನನ್ನು ಕೂರಿಸಿ ಈ ಕತೆ ಹೇಳಿದರು.

ಒಂದು ಊರಿನ ಹೈಸ್ಕೂಲಿನಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರಿದ್ದ. ಅವನ ತರಗತಿಯಲ್ಲಿ ಕನ್ನಡ ಆಡುವಂತಿಲ್ಲ. ಆಡಿದವರು ಬೆಂಚಿನ ಮೇಲೆ ನಿಲ್ಲಬೇಕು. ಸಂದೇಹವಿದ್ದರೆ ಕೇಳಬಹುದಿತ್ತು, ಆದರೆ ಇಂಗ್ಲಿಷಿನಲ್ಲಿ. ಕೇಳುವಷ್ಟು ಇಂಗ್ಲಿಷ್ ಬಂದಿದ್ದರೆ ಆ ಮಕ್ಕಳಿಗೆ ಸಂದೇಹವೇ ಬರುತ್ತಿರಲಿಲ್ಲ. ಇಂಥ ನಿಯಮ ಮಾಡಿದವನನ್ನೇ ಮೊದಲು ಬೆಂಚು ಹತ್ತಿಸಬೇಕು. ಇರಲಿ.

ಮೇಷ್ಟ್ರು ದಿನಾ ಬಂದು ಪ್ರಕಟಣೆಯನ್ನೂ ಹೋಮ್‌ವರ್ಕನ್ನೂ ಬೋರ್ಡಿನ ಮೇಲೆ ಬರೆಯುತ್ತಿದ್ದ. ತಿಳಿಯಿತೇ ಎಂದು ಇಂಗ್ಲಿಷಿನಲ್ಲೇ ಕೇಳುತ್ತಿದ್ದ. ಮಕ್ಕಳು ಎದ್ದು ನಿಂತು ಒಂದೇ ದನಿಯಲ್ಲಿ ‘ಯೆಸ್ ಸಾರ್’ ಎನ್ನುತ್ತಿದ್ದರು. ಯಾವುದು ಪ್ರಕಟಣೆ, ಯಾವುದು ಹೋಮ್‌ವರ್ಕ್ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಬೋರ್ಡಿನಲ್ಲಿ ಕಂಡದ್ದನ್ನೆಲ್ಲ ಪುಟ ತುಂಬ ಬರೆದು, ರೂಢಿಯಂತೆ ಅಪ್ಪನ ಸಹಿಯನ್ನೋ ಅಮ್ಮನ ಹೆಬ್ಬೆಟ್ಟನ್ನೋ ಹಾಕಿಸಿ ತರುತ್ತಿದ್ದರು. ಅಕ್ಷರ ದುಂಡಗಿದ್ದರೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ರೈಟ್ ಹಾಕುತ್ತಿದ್ದ. ಒಮ್ಮೆ ಅವನು ‘ನಾಳೆ ರಜೆ’ ಎಂದು ಇಂಗ್ಲಿಷಿನಲ್ಲಿ ಬರೆದ. ಮರುದಿನ ಇಡೀ ತರಗತಿ ಅದನ್ನೇ ಪುಟ ತುಂಬ ಬರೆದುಕೊಂಡು ಬಂದು, ಬೀಗ ಹಾಕಿದ ಬಾಗಿಲ ಮುಂದೆ ಸಂಜೆಯವರೆಗೆ ಶಿಸ್ತಾಗಿ ಕೂತಿತ್ತು.

ಆ ತರಗತಿಯಲ್ಲಿ ಬಳೆ ಮಾರುವವಳ ಮಗಳೊಬ್ಬಳಿದ್ದಳು. ಅವಳು ಒಮ್ಮೆ “ಹಂಗಂದ್ರೆ ಏನು ಸಾರ್?” ಎಂದು ಕೇಳಿ, ಗಂಟೆ ಹೊಡೆಯುವವರೆಗೂ ಬೆಂಚಿನ ಮೇಲೆ ನಿಂತಿದ್ದಳು.

ಒಂದು ದಿನ ಮೇಲಿನಿಂದ ಶಾಲೆಗೆ ಇಂಗ್ಲಿಷಿನಲ್ಲಿ ಒಂದು ಆದೇಶ ಬಂತು. ಶಾಲೆಯನ್ನು ಮುಚ್ಚಿ ಹೊಳೆಯಾಚೆಯ ಶಾಲೆಗೆ ಸೇರಿಸುತ್ತೇವೆ, ಬೇಡವೆನ್ನುವ ತಂದೆತಾಯಿಗಳು ಹಾಗೆಂದು ಬರೆದು ಸಹಿ ಹಾಕಿ ಕಳಿಸಬೇಕು ಎಂದು ಅದರಲ್ಲಿತ್ತು. ಹೊಳೆಗೆ ಸೇತುವೆ ಇರಲಿಲ್ಲ. ಶಾಲೆ ಆಚೆ ಹೋದರೆ ಈಚೆಯ ಹೆಣ್ಣುಮಕ್ಕಳ ಓದು ಅಲ್ಲಿಗೆ ಮುಗಿಯಿತು.

ಹೆಡ್‌ಮಾಸ್ಟರಿಗೆ ಆದೇಶ ಅರ್ಥವಾಗಲಿಲ್ಲ. “ಇಂಗ್ಲಿಷ್ ನಿಮ್ಮ ಸಬ್ಜೆಕ್ಟ್ ಅಲ್ಲವೇನ್ರಿ ಮೇಷ್ಟ್ರೇ, ನೀವೇ ನೋಡಿಕೊಳ್ಳಿ” ಎಂದು ದಾಟಿಸಿದ. ಮೇಷ್ಟ್ರಿಗೂ ಅರ್ಥವಾಗಲಿಲ್ಲ. ಅವನೂ ಗೈಡ್ ಬಾಯಿಪಾಠ ಮಾಡಿ, ಯೆಸ್ ಸಾರ್ ಎಂದೇ ಪಾಸಾದವನು. ಮೇಲಿನಿಂದ ಬಂದದ್ದನ್ನು ಕೆಳಕ್ಕೆ ಇಳಿಸಿದರೆ ತನ್ನ ಕೆಲಸ ಮುಗಿಯಿತೆಂದು ಇಡೀ ಆದೇಶವನ್ನು ಬೋರ್ಡಿನ ಮೇಲೆ ಬರೆದ. ತಿಳಿಯಿತೇ ಎಂದ. ಬಳೆಯವಳ ಮಗಳು ಕೈ ಅರ್ಧ ಎತ್ತಿದಳು. ಬೆಂಚು ನೆನಪಾಗಿ ಇಳಿಸಿದಳು. ಎಲ್ಲರೂ ಯೆಸ್ ಸಾರ್ ಎಂದರು.

ಮಕ್ಕಳು ಆದೇಶವನ್ನು ದುಂಡಗೆ ನಕಲು ಮಾಡಿದರು. ತಂದೆತಾಯಿಗಳು ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಸಹಿ ಇದ್ದದ್ದು ಮೇಲಕ್ಕೆ ಹೋಗಬೇಕೆಂಬುದಷ್ಟೇ ಮೇಷ್ಟ್ರಿಗೆ ಹೊಳೆದಿತ್ತು. ರೈಟ್ ಹಾಕಿ ಕಳಿಸಿದ.

ಕೆಲವು ದಿನಗಳಲ್ಲಿ ಮೇಲಿನಿಂದ ಅಧಿಕಾರಿಯೊಬ್ಬ ಲಾರಿಯೊಂದಿಗೆ ಬಂದ. ಬೆಂಚುಗಳನ್ನು ಲಾರಿಗೆ ಏರಿಸತೊಡಗಿದಾಗ ಊರೇ ಓಡಿ ಬಂತು. ಅಧಿಕಾರಿ ಹಾಳೆಗಳ ಕಟ್ಟು ತೋರಿಸಿದ. “ಬೇಡವೆಂದು ಒಬ್ಬರೂ ಬರೆದಿಲ್ಲ. ಎಲ್ಲರೂ ಆದೇಶವನ್ನೇ ಬರೆದು ಒಪ್ಪಿದ್ದೀರಿ. ಇಷ್ಟು ಶಿಸ್ತಿನ ಊರನ್ನು ನಾನು ನೋಡೇ ಇಲ್ಲ” ಎಂದ.

ಬಳೆಯವಳ ಮಗಳು ಮುಂದೆ ಬಂದಳು. ಅವಳನ್ನು ನಿಲ್ಲಿಸಲು ಈಗ ಬೆಂಚೂ ಇರಲಿಲ್ಲ.

“ಅದರಲ್ಲಿ ಏನು ಬರೆದಿತ್ತು ಸಾರ್?”

ಅಧಿಕಾರಿ ಕನ್ನಡದಲ್ಲಿ ಹೇಳಿದ. ಒಂದೇ ಉಸಿರಿಗೆ ಮುಗಿಯಿತು. ಎಲ್ಲರಿಗೂ ಅರ್ಥವಾಯಿತು, ಮೇಷ್ಟ್ರಿಗೂ.

ಬಳೆಯವಳು ಮೇಷ್ಟ್ರ ಕಡೆ ತಿರುಗಿದಳು. “ಅಲ್ಲಾ ಮೇಷ್ಟ್ರೇ, ನಾನು ಹೆಬ್ಬೆಟ್ಟಿನವಳು, ನನಗೆ ತಿಳಿಯಲಿಲ್ಲ. ನಿಮಗೂ ತಿಳಿಯದಿದ್ದರೆ ಯಾರನ್ನಾದರೂ ಕೇಳಬಾರದಿತ್ತಾ?”

“ಯಾರನ್ನು ಕೇಳಲಮ್ಮಾ?” ಎಂದ ಮೇಷ್ಟ್ರು. “ನಾನೇ ಇಂಗ್ಲಿಷ್ ಮೇಷ್ಟ್ರು.”

ಲಾರಿ ಹೊರಟುಹೋಯಿತು.

ಕತೆ ಮುಗಿಯುವ ಹೊತ್ತಿಗೆ ಶಿಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಎಂಥ ಮೇಷ್ಟ್ರು, ಎಂಥ ಊರು ಗುರುಗಳೇ! ತಿಳಿಯದ್ದಕ್ಕೆ ಯೆಸ್ ಸಾರ್ ಎನ್ನುವವರೂ ಇರುತ್ತಾರೆಯೇ?”

ಅವನ ನಗು ನಿಲ್ಲುವವರೆಗೆ ಗುರು ಕಾದರು. ಆಮೇಲೆ ಹೇಳಿದರು:

“ನೀನು ಇಲ್ಲಿಗೆ ಸೇರಿದಂದಿನಿಂದ ನನ್ನೊಡನೆ ಕೈಮುಗಿದು ಹೇಳುತ್ತಿರುವೆಯಲ್ಲ ಆ ಸಂಸ್ಕೃತದ ಪ್ರಾರ್ಥನೆ, ಅದರ ಅರ್ಥವನ್ನು ಸ್ವಲ್ಪ ಹೇಳು ನೋಡೋಣ.”